ಫೋನಿನಲ್ಲಿ ನಾನು ಆರಾಮಾಗಿದ್ದೆ

ಚರ್ಚಾ ಸ್ಪರ್ಧೆಯ ತೀರ್ಪುಗಾರರ ಕುರ್ಚಿಯಲ್ಲಿ ಕೂತು ಗೊರಕೆ ಹೊಡೆದವರು ಚಿಕ್ಕೋಡಿಯಲ್ಲಿ ನನಗಿಂತ ಮೊದಲು ಯಾರೂ ಇದ್ದಿರಲಿಕ್ಕಿಲ್ಲ. ವಿಷಯ ‘ಮೊಬೈಲು ವರವೋ ಶಾಪವೋ’. ಪರವಾಗಿ ಮಾತಾಡುತ್ತಿದ್ದ ಹುಡುಗಿ ನನ್ನ ಗೊರಕೆಗೆ ಬೆದರಿ ನಡುವೆಯೇ ನಿಂತುಬಿಟ್ಟಳಂತೆ. ಪಕ್ಕದಲ್ಲಿದ್ದ ಪಾಟೀಲ ಸರ್ ಪೆನ್ನಿನಿಂದ ತಿವಿದಾಗ ಎಚ್ಚರಾಯಿತು. ಏನೂ ಆಗದವಳ ಹಾಗೆ ಅಂಕ ಹಾಕಲು ಹೊರಟೆ.

“ಆಕಿ ಇನ್ನೂ ಮುಗಿಸಿಲ್ರಿ ಮೇಡಂ,” ಅಂದರು. ಆಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೇ ಕೇಳಿದರು: “ಅಲ್ರಿ, ಯಾರ ಪರ ಮಲಗಿದ್ರಿ? ವರದ ಪರನೋ, ಶಾಪದ ಪರನೋ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಳಗೆ ಹೆದರಿದ್ದೆ. ಅಥಣಿ, ನಿಪ್ಪಾಣಿ, ರಾಯಬಾಗ ಅಂತ ಎಲ್ಲಿ ಸ್ಪರ್ಧೆ ಇದ್ದರೂ ಬಸ್ಸು ಹತ್ತಿ ಹೋಗಿ, ಎದುರಾಳಿಯ ಮಾತಿನ ಕಾಲು ಮುರಿದು ಬಹುಮಾನದ ಕಪ್ಪು ಹೊತ್ತುಕೊಂಡು ಬಂದವಳು ನಾನು. ಈಗ ಅದೇ ಚರ್ಚೆಯ ನಡುವೆ ಮಲಗಿದ್ದೆ. ಅದೂ ಮೊದಲ ಸಲವಲ್ಲ. ಹಲಗೆಯ ಮೇಲೆ ಬರೆಯುತ್ತ ನಿಂತಾಗಲೂ ಕಣ್ಣು ಮುಚ್ಚಿ, ಸೀಮೆಸುಣ್ಣ ಗೀಚಿಕೊಂಡು ಕೆಳಗಿಳಿದದ್ದಿತ್ತು.

ಅವ್ವನನ್ನು ಕರೆದುಕೊಂಡು ನಮ್ಮೂರು ಐನಾಪುರದ ಡಾಕ್ಟರ ಹತ್ತಿರ ಹೋದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನ ಆಗೈತ್ರಿ ಮಗಳಿಗೆ?” ಅಂದಳು. “ಥೈರಾಯ್ಡ್ ಐತ್ರಿ,” ಅಂದಳು ಅವ್ವ. ನನಗೆ ಥೈರಾಯ್ಡ್ ಇರಲಿಲ್ಲ. ಆದರೆ ದಪ್ಪ ಹುಡುಗಿಯ ತಾಯಿಗೆ ಅದೊಂದು ಮರ್ಯಾದೆಯ ರೋಗ. ತಿಂದು ದಪ್ಪ ಆದವಳಲ್ಲ ಅಂತ ಸಾಕ್ಷಿ ಹೇಳುತ್ತದೆ.

ಡಾಕ್ಟರು ರಕ್ತ ನೋಡಿದರು, ಗೊರಕೆಯ ಕತೆ ಕೇಳಿದರು. ಸಕ್ಕರೆ ಬಹಳ ಏರಿದೆ, ಮಲಗಿದಾಗ ಉಸಿರು ನಿಂತು ನಿಂತು ಬರುತ್ತಿದೆ, ಹಗಲು ತೂಕಡಿಕೆ ಬರುವುದು ಅದಕ್ಕೇ ಅಂದರು. “ಈ ತೂಕದಾಗ ಗುಳಿಗಿ ಬರೇ ಗುಳಿಗಿ ಆಗತಾವ. ಹೊಟ್ಟಿ ಸಣ್ಣ ಮಾಡೂ ಆಪರೇಶನ್ ಒಂದ ಐತಿ. ಪುಣೆದಾಗ ತೋರಸ್ರಿ.”

ರೊಟ್ಟಿ ಬಿಟ್ಟಿದ್ದೆ, ಅನ್ನ ಬಿಟ್ಟಿದ್ದೆ, ಐನಾಪುರದ ರಸ್ತೆಯಲ್ಲಿ ಬೆಳಿಗ್ಗೆ ಓಡಿ ಕಬ್ಬಿನ ಟ್ರ್ಯಾಕ್ಟರಿನವರ ಸಿಳ್ಳಿಗೆ ಸಿಕ್ಕು ಓಟವನ್ನೂ ಬಿಟ್ಟಿದ್ದೆ. ಮನಸ್ಸು ಗಟ್ಟಿ ಮಾಡಿದರೆ ತೂಕ ಇಳಿಯುತ್ತದೆ ಅನ್ನುವವರ ಜೊತೆ ವಾದಕ್ಕೆ ನಾನು ಯಾವಾಗಲೂ ತಯಾರು. ಆದರೆ ಇಲ್ಲಿ ಬೇಡ. ಇದನ್ನು ಓದುತ್ತಿರುವ ನಿಮಗೆ ಆ ಮಾತು ನನಗಿಂತ ಹೆಚ್ಚು ಕೇಳಿ ಗೊತ್ತಿರಬಹುದು.

ಮನೆಯಲ್ಲಿ ಅವ್ವ ಅತ್ತಳು. “ಹೊಟ್ಟಿ ಕೊಯ್ಸಕೊಂಡಾಕೀನ ಯಾರ ಮಾಡ್ಕೋತಾರ?”

“ಕೊಯ್ಸಕೊಳ್ಳದಾಕೀನ ಯಾರ ಮಾಡ್ಕೊಂಡಾರ ಇಲ್ಲೀತನಕ?” ಅಂದೆ.

ಅಪ್ಪ ಬಸ್ ಕಂಡಕ್ಟರು. ಮಾತು ಕಡಿಮೆ. ಆಡಿದರೂ ಅದರಲ್ಲಿ ಬಸ್ಸು ಇದ್ದೇ ಇರುತ್ತದೆ. “ನೀ ಹತ್ತತಿ ಅಂದ್ರ ಹತ್ತು. ಹತ್ತಿದ ಮ್ಯಾಲ ಡ್ರೈವರನ ಕೂಡ ಜಗಳಾ ತಗೀಬ್ಯಾಡ.”

“ಹತ್ತೂ ಮೊದಲ ಬಸ್ ಎಲ್ಲಿಗೆ ಹೊಕ್ಕೈತಿ ಅಂತ ಕೇಳಬೌದಲ್ಲಪಾ?”

“ಕೇಳು. ಆದ್ರ ಬಾಗಲದಾಗ ನಿಂತ ಕೇಳಬ್ಯಾಡ. ಹಿಂದ ಮಂದಿ ಇರ್ತಾರ.”

ಪುಣೆಯ ಆ ಆಸ್ಪತ್ರೆಯ ಕಾಯುವ ಹಾಲಿನಲ್ಲಿ ಕುರ್ಚಿಗಳು ಅಗಲವಾಗಿದ್ದವು. ನಗಬೇಡಿ. ಕೈಯಿಲ್ಲದ ಅಗಲ ಕುರ್ಚಿಯಲ್ಲಿ, ತೊಡೆಗೆ ಏನೂ ಒತ್ತದ ಹಾಗೆ ಕೂತದ್ದು ಎಷ್ಟೋ ವರ್ಷಗಳ ಮೇಲೆ. ಅವ್ವ ಮಾತ್ರ ಅದರಲ್ಲಿ ಸಣ್ಣ ಹುಡುಗಿಯ ಹಾಗೆ ಮೂಲೆಗೆ ಸೇರಿ ಕೂತಳು.

ಎಲ್ಲ ಮರಾಠಿ, ಹಿಂದಿ ನಡುವೆ ಒಂದು ಹೆಣ್ಣುದನಿ ಕೇಳಿತು: “ನೀರಿನ ಬಾಟ್ಲಿ ರೇಲ್ವೇದಾಗ ಬಿಟ್ಟ ಬಂದ್ರಿ? ನಿಮ್ಮನ್ನ ನೀವರ ಯಾಕ ತಂದ್ರಿ ಮತ್ತ?” ಗಂಡನನ್ನು ಬಯ್ಯುತ್ತಿದ್ದ ಆ ಹೆಂಗಸಿನ ಕಡೆ ನಾನೂ ಅವ್ವನೂ ಒಟ್ಟಿಗೇ ತಿರುಗಿದೆವು.

“ಯಾವೂರ್ರಿ?” ಅಂದಳು ಅವ್ವ.

“ಕುಡಚಿ. ನೀವು?”

“ಐನಾಪುರ.”

“ಅಲ್ಲಾ! ಹೊಳಿ ದಂಡಿ ಮಂದಿ!” ಅಂತ ಆಕೆ ಎದ್ದು ಬಂದು ನನ್ನ ಪಕ್ಕ ಕೂತಳು. ಹೆಸರು ನೂರಜಹಾನ್. ಗಂಡನಿಗೆ ಕುಡಚಿಯ ಸ್ಟೇಶನ್ ರಸ್ತೆಯಲ್ಲಿ ಗಾದಿ ಅಂಗಡಿ. ಮೊಣಕಾಲು ಸೋತು ನಮಾಜಿಗೆ ಬಗ್ಗಲು ಬರುತ್ತಿಲ್ಲ, ಕುರ್ಚಿಯ ಮೇಲೆ ಕೂತು ಮಾಡುವುದು ಮನಸ್ಸಿಗೆ ಒಗ್ಗುತ್ತಿಲ್ಲ, ಅದಕ್ಕೇ ಬಂದೆ ಅಂದಳು. ನಾನು ಆಕೆಯನ್ನು ಆಪಾ ಅಂದೆ. ಊರಲ್ಲಿ ಹರ್ನಿಯಾ ಆಪರೇಶನ್ ಅಂತ ಹೇಳಿ ಬಂದಿದ್ದಳು. ಅವ್ವ ಆಗಲೇ ಆಕೆಯ ಹತ್ತಿರ ನನ್ನ ಥೈರಾಯ್ಡಿನ ಮಾತು ತೆಗೆದಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮಾತು ಬದಲಿಸಿದರು.

ಸರ್ಜನ್ ನೇರ ಮನುಷ್ಯ. ನಮ್ಮ ಮಾತೆಲ್ಲ ಮರಾಠಿಯಲ್ಲೇ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಗೆ ಹೊಸದಾಗಿ ರೋಬೋಟ್ ಬಂದಿದೆ, ಅದರಿಂದ ಮಾಡಿದ್ದಕ್ಕೂ ಸಣ್ಣ ತೂತಿನಿಂದ ದುರ್ಬೀನು ಇಳಿಸಿ ಕೈಯಿಂದ ಮಾಡುವ ಮಾಮೂಲಿ ಆಪರೇಶನ್ನಿಗೂ ಏನು ಫರಕು ಅಂತ ಅವರು ಒಂದು ಅಧ್ಯಯನ ನಡೆಸುತ್ತಿದ್ದಾರೆ, ಒಪ್ಪಿದರೆ ಮಾಮೂಲಿ ದರದಲ್ಲೇ ರೋಬೋಟಿನಿಂದ ಮಾಡುತ್ತಾರೆ ಅಂದರು. ನಾನು ಯೋಚಿಸಿ ಹೇಳುತ್ತೇನೆ ಅಂದೆ. ಅವ್ವನಿಗೆ ನಾಚಿಕೆಯಾಯಿತು. ಡಾಕ್ಟರಿಗೆ ಯಾರಾದರೂ ಯೋಚಿಸಿ ಹೇಳ್ತೀನಿ ಅಂತಾರೆಯೇ?

ಚಿಕ್ಕೋಡಿಗೆ ಬಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೂತೆ. ಈ ಆಪರೇಶನ್ನಿನ ಬಗ್ಗೆ ಸಿಕ್ಕ ಸಿಕ್ಕ ಸಂಶೋಧನಾ ಪ್ರಬಂಧ ಓದಿದೆ. ವೈದ್ಯಕೀಯ ನನಗೆ ಅರ್ಥವಾಗುವುದಿಲ್ಲ, ಆದರೆ ವಾದ ಅರ್ಥವಾಗುತ್ತದೆ. ಎದುರಾಳಿ ಹೇಳಿದ್ದನ್ನು ಎಲ್ಲರೂ ಕೇಳುತ್ತಾರೆ, ಹೇಳದೆ ದಾಟಿಸಿದ್ದನ್ನು ಹಿಡಿಯುವವನು ಗೆಲ್ಲುತ್ತಾನೆ. ಆ ಕಣ್ಣಿನಿಂದ ನೋಡಿದರೆ ಎಷ್ಟೋ ಪ್ರಬಂಧಗಳು ನಮ್ಮ ತಾಲ್ಲೂಕು ಮಟ್ಟದ ಸ್ಪರ್ಧೆಯಲ್ಲೂ ಎರಡನೇ ಸುತ್ತಿಗೆ ಬರುತ್ತಿರಲಿಲ್ಲ. ಮೇಲಿನ ಸಾರಾಂಶದಲ್ಲಿ ರೋಬೋಟು ಸುರಕ್ಷಿತ ಅಂತ ಇರುತ್ತದೆ. ಒಳಗೆ ಹೋದರೆ, ಯಾರನ್ನು ಯಾವ ಗುಂಪಿಗೆ ಯಾಕೆ ಹಾಕಿದರು ಅಂತ ಇರುವುದಿಲ್ಲ. ಸರ್ಜನ್‌ಗೆ ಆ ಯಂತ್ರದ ಮೇಲೆ ಎಷ್ಟು ಕೈ ಕೂತಿತ್ತು ಅಂತ ಇರುವುದಿಲ್ಲ. ಶುರುವಿನಲ್ಲಿ ಇದ್ದವರು ಕೊನೆಗೆ ಕಡಿಮೆಯಾಗಿರುತ್ತಾರೆ. ಉಳಿದವರು ಎಲ್ಲಿ ಹೋದರು ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಎಲ್ಲ ಕಡೆಯೂ ಹೀಗೆ ಅನ್ನುತ್ತಿಲ್ಲ. ಎಲ್ಲವನ್ನೂ ಬಿಚ್ಚಿಟ್ಟು ಬರೆದವರೂ ಇದ್ದರು. ಅಂಥವರ ತೀರ್ಮಾನ ಸಾಮಾನ್ಯವಾಗಿ ಸಪ್ಪೆ: ದೊಡ್ಡ ಫರಕು ಕಾಣಲಿಲ್ಲ, ಇನ್ನೂ ನೋಡಬೇಕು.

ನನಗೆ ಆ ಸಪ್ಪೆ ಮಾತೇ ಧೈರ್ಯ ಕೊಟ್ಟಿತು. ಮತ್ತೆ ಪುಣೆಗೆ ಹೋಗಿ ಸರ್ಜನ್‌ಗೆ ಕೇಳಿದೆ: “ಸರ್, ಎಲ್ಲರೂ ಚೆನ್ನಾಗಿದ್ದರು ಅಂತ ಬರೆಯುತ್ತಾರೆ. ಎಲ್ಲರೂ ಅಂದರೆ ಆಪರೇಶನ್ ಆದವರೋ, ತಿರುಗಿ ತೋರಿಸಲು ಬಂದವರೋ?”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ನೀವು ವಕೀಲರಾ?”

“ಅಲ್ಲ. ರಾಜ್ಯಶಾಸ್ತ್ರ ಕಲಿಸ್ತೀನಿ.”

“ಅದು ಇನ್ನೂ ಕಷ್ಟ,” ಅಂತ ನಕ್ಕರು. “ಬಂದವರನ್ನು ನೋಡ್ತೀವಿ. ಬರದವರಿಗೆ ಫೋನ್ ಮಾಡ್ತೀವಿ. ಯಾರನ್ನೂ ಬಿಡೋದಿಲ್ಲ.”

ಫೋನ್ ಮಾಡುತ್ತಾರೆ ಅಂದದ್ದು ನನಗೆ ಸಾಕಾಯಿತು. ಒಪ್ಪಿದೆ. ಆಪಾನೂ ಅದೇ ಅಧ್ಯಯನಕ್ಕೆ ಒಪ್ಪಿದ್ದಳು. ರೊಕ್ಕ ಹೇಗೆ ಕೂಡಿತು ಅನ್ನುವುದು ಅಪ್ಪನ ಕತೆ, ಅವರೇ ಹೇಳಬೇಕು.

ಭರ್ತಿಯಾಗುವ ದಿನ ಕೌಂಟರಿನಲ್ಲಿ ವಿಳಾಸ, ಫೋನ್ ನಂಬರ್ ಕೇಳಿದಾಗ ಅವ್ವ ಮಿರಜಿನ ಮಾವಶಿಯದು ಕೊಟ್ಟಳು. ಮಾವಶಿ ಅಂದರೆ ಅವ್ವನ ತಂಗಿ. ನಮ್ಮ ಕಡೆ ಇದು ಹೊಸದಲ್ಲ. ಗಡಿಯ ಮನೆಗಳಿಗೆ ಆ ಕಡೆ ಒಬ್ಬ ಸಂಬಂಧಿ ಇದ್ದೇ ಇರುತ್ತಾರೆ. ಊರಿಗೆ ಗೊತ್ತಾಗಬಾರದ ಆಸ್ಪತ್ರೆಯ ವ್ಯವಹಾರವೆಲ್ಲ ಅವರ ಮನೆಯಿಂದ ನಡೆಯುತ್ತದೆ. ಐನಾಪುರದಲ್ಲಿ ಫೋನ್ ಬಂದು, ಅಪ್ಪ ಎತ್ತಿ, ಪಕ್ಕದ ಮನೆಯ ಕಿಟಕಿ ಕೇಳಿಸಿಕೊಂಡರೆ? ಮದುವೆ ಆಗಬೇಕಾದ ಹುಡುಗಿ. ನಾನೂ ತಡೆಯಲಿಲ್ಲ. ಅದರಲ್ಲಿ ತಡೆಯುವಂಥದ್ದು ಏನಿದೆ ಅಂತಲೇ ತೋಚಿರಲಿಲ್ಲ.

ರೋಬೋಟ್ ಹೇಗಿತ್ತು ಅಂತ ಎಲ್ಲರೂ ಕೇಳುತ್ತಾರೆ. ಪ್ಲಾಸ್ಟಿಕ್ ಹೊದಿಸಿದ ನಾಲ್ಕು ತೋಳು. ಮಳೆ ಬರುವ ಮುಂಚೆ ತಾಡಪತ್ರಿ ಮುಚ್ಚಿಟ್ಟ, ಕಾಳು ಒಕ್ಕುವ ರಾಶಿ ಮಷಿನ್ನಿನ ಹಾಗಿತ್ತು. ಸರ್ಜನ್ ಮೂಲೆಯಲ್ಲಿ ಬೇರೆಯೇ ಒಂದು ಕಪಾಟಿನಂಥದ್ದರಲ್ಲಿ ತಲೆ ಹಾಕಿ ಕೂತಿದ್ದರು. ನಾನು ಏನೋ ಕೇಳಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅರಿವಳಿಕೆಯವರು ಗೆದ್ದರು.

ಮೊದಲ ತಿಂಗಳುಗಳು ನಿಜವಾಗಿಯೂ ಚೆನ್ನಾಗಿದ್ದವು. ಇದನ್ನು ಹೇಳದೆ ಬಿಟ್ಟರೆ ನಾನು ಬಯ್ಯುವ ಪ್ರಬಂಧಗಳಿಗಿಂತ ಕೆಟ್ಟವಳಾಗುತ್ತೇನೆ. ಸಕ್ಕರೆ ಇಳಿಯಿತು. ಗೊರಕೆ ನಿಂತಿತು. ಒಂದು ಬೆಳಿಗ್ಗೆ ಎದ್ದು, “ಅವ್ವಾ, ನನಗ ಕನಸ ಬಿತ್ತು,” ಅಂದೆ. ಎಷ್ಟು ವರ್ಷದಿಂದ ಕನಸು ಬೀಳುವಷ್ಟು ನಿದ್ದೆಯೇ ಬಂದಿರಲಿಲ್ಲ. ಏನು ಕನಸು ಅಂತ ಅವ್ವ ಕೇಳಿದಳು. ಕುಂಬಳಕಾಯಿ ಮಾರುತ್ತಿದ್ದೆ ಅಂದೆ. “ಅದಕ್ಕ ಅಷ್ಟ ಖುಷಿ ಆಗ್ಯಾಳ ನೋಡ,” ಅಂತ ಅಪ್ಪ ಹೊರಗಿನಿಂದಲೇ ನಕ್ಕರು.

ಆಮೇಲೆ ವಾಂತಿ ಶುರುವಾಯಿತು. ಎರಡು ತುತ್ತು ಉಂಡರೆ ಮೇಲೆ ಬರುತ್ತಿತ್ತು, ಪುಣೆಯವರು ಕೊಟ್ಟ ಶಕ್ತಿಯ ಗುಳಿಗೆಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಊರಿನ ಡಾಕ್ಟರು ಪಿತ್ತ ಅಂದರು. ಬಾಚಿದರೆ ಕೂದಲು ಹಣಿಗೆಯಲ್ಲೇ ಉಳಿಯುತ್ತಿತ್ತು. ಅವ್ವ ಅದನ್ನು ದೃಷ್ಟಿ ಅಂದಳು. ನೋಡಿದವರೆಲ್ಲ ‘ಎಷ್ಟ್ ಛಂದ ಸೊರಗೀರಿ’ ಅನ್ನುತ್ತಿದ್ದರಲ್ಲ!

ಒಂದು ಮಧ್ಯಾಹ್ನ ಕಾಲೇಜಿನ ಪಡಸಾಲೆಯಲ್ಲಿ ಪಾಟೀಲ ಸರ್ ಹಿಂದಿನಿಂದ ಕೂಗಿದರು. “ಮೇಡಂ, ಒಂದ ಚಪ್ಪಲಿ ಇಲ್ಲೇ ಬಿಟ್ಟ ಹೊಂಟೀರಿ.” ತಿರುಗಿ ನೋಡಿದೆ. ಚಪ್ಪಲಿ ಮೆಟ್ಟಿಲ ಹತ್ತಿರ ಬಿದ್ದಿತ್ತು. ಬರಿಗಾಲಿನಲ್ಲಿ ಅಷ್ಟು ದೂರ ನಡೆದು ಬಂದಿದ್ದೆ, ಎಡಗಾಲು ನನಗೆ ಹೇಳಿರಲಿಲ್ಲ. ಸರ್ ಚೇಷ್ಟೆ ಮಾಡಲು ಬಾಯಿ ತೆಗೆದವರು ನನ್ನ ಮುಖ ನೋಡಿ ಬಿಟ್ಟರು. ಚಪ್ಪಲಿ ತಂದು ಕಾಲ ಹತ್ತಿರ ಇಟ್ಟರು.

ಎರಡೇ ವಾರದಲ್ಲಿ ಗೋಡೆ ಹಿಡಿಯದೆ ನಡೆಯಲಾಗದ ಸ್ಥಿತಿ. ಅವ್ವ ನನ್ನನ್ನು ಮಿರಜಿಗೆ ಕರೆದುಕೊಂಡು ಹೋದಳು. ಊರಲ್ಲಿ ‘ಟ್ರೇನಿಂಗಿಗೆ ಹೋಗ್ಯಾಳ’ ಅಂತ ಸುದ್ದಿ. ಮಾವಶಿಯ ಮನೆಯ ಒಳಕೋಣೆಯಲ್ಲಿ, ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಮಲಗಿದ್ದೆ. ಸಂಜೆ ಅಲ್ಲಿಯ ಒಬ್ಬ ಡಾಕ್ಟರಿಗೆ ತೋರಿಸುವುದಿತ್ತು.

ಆಗ ಮಾವಶಿಯ ಫೋನ್ ರಿಂಗಾಯಿತು. ಪಡಸಾಲೆಯಿಂದ ಆಕೆಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

“ಹೋ ಹೋ ಡಾಕ್ಟರಬಾಯಿ, ಬರಿ ಆಹೆ. ಏಕದಂ ಬರಿ ಆಹೆ.”

ಚೆನ್ನಾಗಿದ್ದಾಳೆ, ಬಹಳ ಚೆನ್ನಾಗಿದ್ದಾಳೆ. ಯಾರ ಮಗಳ ಬಗ್ಗೆ ಇಷ್ಟು ಪ್ರೀತಿಯಿಂದ ಹೇಳುತ್ತಿದ್ದಾಳೆ ಅಂದುಕೊಂಡೆ. “ಊಟಾನಾ? ಛಲೋ ಉಣ್ತಾಳೆ. ವಾಂತಿನಾ? ಛೇ ಛೇ, ನಾಹೀ. ಕೆಲಸಕ್ಕೆ ಹೋಗ್ತಾಳೆ. ನಿಮ್ಮ ಆಶೀರ್ವಾದ.” ಆಗ ಗೊತ್ತಾಯಿತು, ನನ್ನ ಬಗ್ಗೆಯೇ. ಫೋನಿನಲ್ಲಿ ನಾನು ಆರಾಮಾಗಿದ್ದೆ. ಹಾಸಿಗೆಯಲ್ಲಿದ್ದವಳು ಬೇರೆ ಯಾರೋ.

“ಮಾವಶೀ, ಫೋನ್ ಕೊಡು!” ಅಂತ ಕೂಗಿದೆ. ಏಳಲು ಹೋಗಿ ಹೊಸ್ತಿಲ ಹತ್ತಿರ ಮುಗ್ಗರಿಸಿದೆ. ಅವ್ವ ಹಿಡಿದಳು. ಮಾವಶಿ ಗಾಬರಿಯಿಂದ ಫೋನನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಕಸಿದುಕೊಂಡೆ.

“ಡಾಕ್ಟರ್, ಆಕೆ ಹೇಳಿದ್ದೆಲ್ಲ ಸುಳ್ಳು. ನಾನೇ ಪೇಶಂಟ್.”

ಆ ಕಡೆ ಸರ್ಜನ್‌ರ ಕೈಕೆಳಗಿನ ಎಳೆಯ ಡಾಕ್ಟರಮ್ಮ. ಆಕೆಯ ದನಿ ಒಮ್ಮೆಲೇ ಬೇರೆಯಾಯಿತು. ವಾಂತಿ ಯಾವಾಗಿನಿಂದ, ಕಾಲು ಜುಮ್ಮೆನ್ನುತ್ತದೆಯೇ, ಕಣ್ಣಿಗೆ ಎರಡೆರಡು ಕಾಣುತ್ತದೆಯೇ ಅಂತ ಒಂದರ ಹಿಂದೆ ಒಂದು ಕೇಳಿದಳು. “ಒಂದು ವಿಟಮಿನ್ ಪೂರ್ತಿ ಬರಿದಾಗಿರಬೇಕು. ಸಂಜೆತನಕ ಕಾಯಬೇಡಿ. ಈಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿಯ ಡಾಕ್ಟರಿಗೆ ನನ್ನ ಜೊತೆ ಮಾತಾಡಿಸಿ. ಆ ಇಂಜೆಕ್ಷನ್ ಕೊಡುವ ಮೊದಲು ಗ್ಲೂಕೋಸ್ ಬಾಟ್ಲಿ ಹಚ್ಚಗೊಡಬೇಡಿ.”

ಹೋದೆವು. ಇಂಜೆಕ್ಷನ್ ಬಿತ್ತು. ನಾಲ್ಕು ದಿನದೊಳಗೆ ಪುಣೆಯಲ್ಲಿದ್ದೆ. ಕಾಲು ತಿರುಗಿ ಬಂದಿತು, ಪೂರ್ತಿಯಲ್ಲ. ಎಡಗಾಲಿನ ಕೊನೆಯ ಬೆರಳುಗಳು ಇವತ್ತಿಗೂ ಸುಮ್ಮನಿವೆ. ಚಪ್ಪಲಿಗೆ ಹಿಂದೆ ಪಟ್ಟಿ ಇರುವುದನ್ನೇ ಕೊಳ್ಳುತ್ತೇನೆ.

ಅವತ್ತು ಮಿರಜಿನ ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಮಾವಶಿ ಅಳುತ್ತ ಕೂತಿದ್ದಳು. ನಾನು ಬಯ್ದೆ. ಆಕೆ ಹೇಳಿದ್ದು ಇದು: “ಅಕ್ಕಾ ಹೇಳಿದ್ಲು, ಯಾರರ ಕೇಳಿದ್ರ ಆರಾಮ ಅದಾಳ ಅನ್ನು ಅಂತ. ಮತ್ತ ಆ ಪೋರಿ ಎಷ್ಟ್ ಪ್ರೀತಿಲೆ ಕೇಳತಿದ್ಲ ಗೊತ್ತೇನ? ಅಷ್ಟ ದುಡದ ಆಪರೇಶನ್ ಮಾಡ್ಯಾರ. ಅವರಿಗೆ ಕೆಟ್ಟ ಆಗೈತಿ ಅಂತ ಹ್ಯಾಂಗ ಅನ್ನೂದ? ಮನಿಗೆ ಕರದ ಉಣಿಸಿದವರ ಮುಂದ ಉಪ್ಪ ಹೆಚ್ಚಾಗಿತ್ತು ಅಂತೀವೇನ?”

ನಮ್ಮ ಕಡೆ ಯಾರಾದರೂ ‘ಆರಾಮ ಅದೀರೇನ್ರಿ’ ಅಂದರೆ ‘ಆರಾಮ್ರಿ’ ಅನ್ನಬೇಕು. ಅದು ಪ್ರಶ್ನೆಯೂ ಅಲ್ಲ, ಉತ್ತರವೂ ಅಲ್ಲ, ಬಾಗಿಲು ತೆಗೆಯುವ ರೀತಿ. ನಿಜ ಹೇಳುವವನನ್ನು ಕಂಡರೆ ಮಂದಿ ಮರುದಿನ ದಾರಿ ಬಳಸಿ ಹೋಗುತ್ತಾರೆ. ಆದರೆ ಆ ಫೋನಿನ ತುದಿಯಲ್ಲಿ ಒಬ್ಬರು ಈ ಮರ್ಯಾದೆಯನ್ನು ಫಲಿತಾಂಶ ಅಂತ ಬರೆದುಕೊಳ್ಳುತ್ತಿದ್ದರು.

ಪುಣೆಯಲ್ಲಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಸರ್ಜನ್ ಮಂಚದ ಹತ್ತಿರ ಬಂದಾಗ ಕೇಳಿದೆ. “ಸರ್, ನಿಮ್ಮ ಅಧ್ಯಯನದಲ್ಲಿ ನಾನು ಹೇಗಿದ್ದೇನೆ?”

ಅವರು ಎಳೆಯ ಡಾಕ್ಟರಮ್ಮನ ಕಡೆ ನೋಡಿದರು. ಆಕೆ ನೆಲ ನೋಡುತ್ತ, “ಹಿಂದಿನ ಎರಡು ಸಲ, ಯಾವ ತೊಂದರೆಯೂ ಇಲ್ಲ ಅಂತ ಇದೆ,” ಅಂದಳು.

“ತಿದ್ದುತ್ತೇವೆ,” ಅಂದರು ಸರ್ಜನ್ ತಕ್ಷಣ. “ಮುಂದಿನ ತಿಂಗಳು ಸಮ್ಮೇಳನದಲ್ಲಿ ಓದುವುದಿದೆ. ಅಷ್ಟರೊಳಗೆ ನಿಮ್ಮದನ್ನು ಸರಿ ಮಾಡುತ್ತೇವೆ.”

“ನಂದೊಂದೇ ಯಾಕೆ ಸರ್? ಉಳಿದವರ ಫೋನ್ ಎತ್ತಿದ್ದು ಯಾರು? ಅವರೋ, ಅವರ ಮಾವಶಿಯರೋ?”

ಅವರಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. “ಅದನ್ನು ಬರೆದುಕೊಳ್ಳುವ ಜಾಗವೇ ಇಲ್ಲ ನಮ್ಮಲ್ಲಿ,” ಅಂದರು ನಿಧಾನವಾಗಿ. “ಯಾರು ಮಾತಾಡಿದರು ಅಂತ ಯಾರೂ ಕೇಳುವುದಿಲ್ಲ.”

“ನಾನು ಕೇಳ್ತಿದ್ದೀನಲ್ಲ ಸರ್. ನಾಳೆ ನನ್ನಂಥವಳೇ ಒಬ್ಬಳು ನಿಮ್ಮ ಪ್ರಬಂಧ ಓದಿ ಧೈರ್ಯ ತಗೊಂಡು ಬರ್ತಾಳೆ. ವಾಂತಿ ಆದರೆ ಹೆದರಬೇಕು ಅಂತ ಆಕೆಗೆ ಯಾರು ಹೇಳಬೇಕು? ಅದರಲ್ಲಿ ಯಾರಿಗೂ ವಾಂತಿಯೇ ಆಗಿಲ್ಲವಲ್ಲ!”

ಎಲ್ಲರನ್ನೂ ತಿರುಗಿ ವಿಚಾರಿಸುತ್ತೇವೆ, ಪೇಶಂಟ್ ತಾನೇ ಮಾತಾಡಬೇಕು, ಸಾಧ್ಯವಾದರೆ ಎದುರಿಗೆ ಬರಬೇಕು ಅಂದರು. ಸಮ್ಮೇಳನದಲ್ಲಿ ಆ ಸಲ ಓದಲಿಲ್ಲ. ಇದಕ್ಕೆ ಅವರನ್ನು ಮೆಚ್ಚಬೇಕು. ನಾನು ಮೆಚ್ಚಿದೆ, ಸ್ವಲ್ಪ ತಡವಾಗಿ.

ಕಾಲೇಜಿಗೆ ಮರಳಿದಾಗ ಇನ್ನೊಂದು ಜಗಳ ಕಾದಿತ್ತು. ಪಾಟೀಲ ಸರ್‌ಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. “ನಾ ಹೇಳಿದ್ದಿಲ್ಲೇನ್ರಿ? ಮಷಿನ್ನಿನ ಕೈಯಾಗ ಹೊಟ್ಟಿ ಕೊಟ್ರ ಕಾಲ ಹೊಕ್ಕಾವು.”

“ನೀವು ಹಾಂಗ ಹೇಳಿದ್ದೇ ಇಲ್ಲ. ಇರಲಿ. ಮಷಿನ್ನಿಂದ ಏನೂ ತಪ್ಪಿಲ್ರಿ. ಕೈಲೆ ಮಾಡಿದ್ರೂ ಇದ ಆಗತಿತ್ತು.”

“ಅಲ್ಲ, ನೀವ ಅವರ ಕೂಡ ಜಗಳಾ ಮಾಡಿ ಬಂದೀರಂತ?”

“ಅವರು ಎಲ್ಲಾ ಛಲೋ ಐತಿ ಅಂದ್ರು, ಜಗಳಾ ಮಾಡಿದೆ. ನೀವು ಎಲ್ಲಾ ಕೆಟ್ಟೈತಿ ಅಂತೀರಿ, ನಿಮ್ಮ ಕೂಡಾನೂ ಮಾಡ್ತೀನಿ.”

“ನೀವು ಯಾರ ಪರ ಅಂತ ಒಂದ ಸಲ ಹೇಳ್ರಿ ಮಾರಾಯ್ರ,” ಅಂದರು.

ಹೇಳಲು ನನ್ನ ಹತ್ತಿರ ಪರವೂ ಇರಲಿಲ್ಲ, ವಿರೋಧವೂ ಇರಲಿಲ್ಲ. ನನ್ನ ನಿದ್ದೆ ತಂದುಕೊಟ್ಟದ್ದು ಆ ಆಪರೇಶನ್. ಬೆರಳು ತಗೊಂಡದ್ದು ಅದಾದ ಮೇಲಿನ ನಿರ್ಲಕ್ಷ್ಯ. ಎರಡೂ ಒಂದೇ ಕಾಗದದ ಮೇಲೆ ಬರಬೇಕು, ಅಷ್ಟೆ. ಇದು ಕಪ್ಪು ಗೆಲ್ಲುವ ವಾದ ಅಲ್ಲ.

ಇದರ ನಡುವೆ ನೂರಜಹಾನ್ ಆಪಾ ನೆನಪಾದಳು. ಆಕೆಯ ಬಗ್ಗೆ ಏನು ಬರೆದಿದ್ದಾರೋ? ಪುಣೆಯವರು ಬೇರೆ ಪೇಶಂಟಿನ ಮಾತು ನನಗೆ ಹೇಳುವುದಿಲ್ಲ, ಹೇಳಲೂಬಾರದು. ಒಂದು ಭಾನುವಾರ ಕೋಲು ಹಿಡಿದು ಕುಡಚಿಗೆ ಹೋದೆ. ಗಾದಿ ಅಂಗಡಿಯಲ್ಲಿ ಆಕೆಯ ಗಂಡ ಹತ್ತಿ ತುಂಬುತ್ತ ಕೂತಿದ್ದರು. ಗಡ್ಡದ ತುಂಬ ಹತ್ತಿ.

“ಆಪಾ ಹ್ಯಾಂಗದಾರ್ರಿ ಭಾಯಿ?”

“ಆರಾಮ ಅದಾಳ್ರಿ. ಸಬ್ ಠೀಕ್.”

ಆ ಮಾತಿಗೆ ನನ್ನ ಕೋಲೇ ನಕ್ಕಿರಬೇಕು. ಒಳಗೆ ಹೋದೆ. ಆಪಾ ಗೋಡೆಗೆ ಒರಗಿ ಕೂತಿದ್ದಳು, ಗುರುತೇ ಸಿಗದಷ್ಟು ಇಳಿದಿದ್ದಳು. ಆಪರೇಶನ್ ಆದ ಮೇಲೆ ಹೊಟ್ಟೆಯ ದಾರಿ ಬಿಗಿದು ನೀರೂ ಇಳಿಯದಾಗಿ, ಬೇರೆ ಊರಿನ ಬೇರೆ ಆಸ್ಪತ್ರೆಯಲ್ಲಿ ಮತ್ತೆ ಹೊಟ್ಟೆ ತೆರೆದಿದ್ದರು. ಪುಣೆಯವರ ಫೋನ್ ಬಂದಾಗಲೆಲ್ಲ ಗಂಡನೇ ಎತ್ತಿದ್ದು. ‘ಸಬ್ ಠೀಕ್.’

“ನೀವ ಯಾಕ ಹೇಳಲಿಲ್ಲ ಆಪಾ?”

“ಮೊದಲ ಊರಿಗೆ ಹರ್ನಿಯಾ ಅಂದ್ವಿ. ಎರಡನೇದಕ್ಕ ಏನನ್ನೂದ? ಮತ್ತ ಡಾಕ್ಟರ ಸಾಬರಿಗೆ ಬ್ಯಾಸರ ಆಗತೈತಿ. ನನ್ನ ನಸೀಬ, ಅವರದೇನ ತಪ್ಪ?”

ನಾನು ವಾದ ಹೂಡಿದೆ. ಕಲಿತದ್ದನ್ನೆಲ್ಲ ತೆಗೆದೆ. ನಿಮ್ಮ ಮೌನದಿಂದ ಮುಂದಿನವಳಿಗೆ ಅನ್ಯಾಯ ಅಂದೆ. ಸುಳ್ಳು ಲೆಕ್ಕದ ಮೇಲೆ ಜನ ಹೊಟ್ಟೆ ಕೊಡುತ್ತಾರೆ ಅಂದೆ. ನಸೀಬು ಅನ್ನುವುದನ್ನು ಮೂರು ರೀತಿಯಲ್ಲಿ ಖಂಡಿಸಿದೆ. ಆಪಾ ಎಲ್ಲವನ್ನೂ ಕೇಳಿ, ಚಹಾದ ಕಪ್ಪು-ಬಸಿ ನನ್ನ ಕಡೆ ಸರಿಸಿ, “ಮಾತಿನ್ಯಾಗ ನೀ ಗೆದ್ದಿ ತಂಗಿ,” ಅಂದಳು. “ಆದ್ರ ನಾ ಬರೂದಿಲ್ಲ.”

ಚಹಾ ಕುಡಿದೆ. ಎದ್ದೆ. ಹೊಸ್ತಿಲು ದಾಟುವಾಗ ಎಡಗಾಲು ಎಲ್ಲಿ ಬಿತ್ತು ಅಂತ ತಿಳಿಯದೆ ಚೌಕಟ್ಟು ಹಿಡಿದು ನಿಂತೆ. ಆಪಾ ನೋಡುತ್ತಿದ್ದಳು.

“ಕಾಲ ಇನ್ನೂ ನೆಟ್ಟಗಾಗಿಲ್ಲೇನ?”

“ಇಲ್ಲ ಆಪಾ. ಮುಂದಿನ ವಾರ ಪುಣೆಗೆ ತೋರಸಾಕ ಹೋಗಬೇಕು. ಅಪ್ಪಗ ಡ್ಯೂಟಿ ಐತಿ, ಅವ್ವಗ ರೇಲ್ವೇದಾಗ ವಾಂತಿ. ಒಬ್ಬಾಕೀನ ಹೋಗಾಕ ಹೆದರಿಕಿ ಆಗತೈತಿ. ಫ್ಲಾಟಫಾರ್ಮ್ ಮ್ಯಾಲ ಬಿದ್ದರ ಅಂತ.”

ಇದು ವಾದವಲ್ಲ. ಅದಕ್ಕಿಂತ ಮೊದಲು ಯಾರ ಮುಂದೆಯೂ ನಾನು ಈ ಮಾತು ಆಡಿರಲಿಲ್ಲ.

“ಹುಚ್ಚಿ,” ಅಂದಳು ಆಪಾ. “ಅದನ್ನ ಮೊದಲ ಹೇಳಬಾರದಾ? ಕುಡಚಿಯಿಂದ ರೇಲ್ವೇ ಹತ್ತು. ನಾ ಜೋಡಿ ಬರ್ತೀನಿ. ನಿನ್ನ ಸಲುವಾಗಿ ಬರ್ತೀನಿ, ತಿಳೀತಾ? ಡಾಕ್ಟರನ ಸಲುವಾಗಿ ಅಲ್ಲ.”

ಆಮೇಲೆ ಎಷ್ಟೋ ಕಾಲಕ್ಕೆ ಸರ್ಜನ್‌ರ ಪ್ರಬಂಧ ಅಚ್ಚಾಯಿತು. ನಾನು ಮೊದಲು ಓದಿದ್ದವುಗಳ ಹಾಗೆ ಹೊಳೆಯುವಂಥದ್ದಲ್ಲ. ಎಷ್ಟು ಜನರ ಸುದ್ದಿ ಅವರ ಬಾಯಿಂದಲೇ ಬಂತು, ಎಷ್ಟು ಜನರದು ಮನೆಯವರ ಬಾಯಿಂದ, ಯಾರು ಸಿಗಲೇ ಇಲ್ಲ ಅಂತ ಬೇರೆ ಬೇರೆ ಬರೆದಿದ್ದಾರೆ. ತೀರ್ಮಾನ ಸಪ್ಪೆ. ಅದನ್ನು ಓದಿದ ದಿನ ನನಗೆ ಹೊಟ್ಟೆ ತುಂಬಿತು, ಈಗಿನ ನನ್ನ ಸಣ್ಣ ಹೊಟ್ಟೆ. ಆಪರೇಶನ್ ಮಾಡಿಸಿಕೊಳ್ಳಲೋ ಬೇಡವೋ ಅಂತ ನನ್ನನ್ನು ಕೇಳುವವರಿಗೆ ನಾನು ಎರಡನ್ನೂ ಹೇಳುವುದಿಲ್ಲ. ನಿಮ್ಮ ಸ್ವಂತ ನಂಬರನ್ನೇ ಕೊಡಿ, ವಾಂತಿ ನಿಲ್ಲದಿದ್ದರೆ ಪಿತ್ತ ಅಂತ ಕೂರಬೇಡಿ ಅನ್ನುತ್ತೇನೆ. ಆದರೆ ಆ ಪ್ರಬಂಧ ಹಾಗೆ ಬಂದದ್ದರ ಹಿಂದೆ ನಾನು ಕಣ್ಣಾರೆ ಕಂಡದ್ದು ಒಂದೇ ಗಳಿಗೆ.

ಪುಣೆಯಲ್ಲಿ ನನ್ನ ಕಾಲು ನೋಡಿ ಮುಗಿದ ಮೇಲೆ ಎಳೆಯ ಡಾಕ್ಟರಮ್ಮ ಪಕ್ಕದಲ್ಲಿ ಕೂತ ಆಪಾಳ ಗುರುತು ಹಿಡಿದಳು. “ಅರೆ, ನೀವೂ ನಮ್ಮವರೇ ಅಲ್ವಾ? ಹೇಗಿದ್ದೀರಿ?” ಅಂದಳು ಹಿಂದಿಯಲ್ಲಿ.

ಆಪಾಳ ತುಟಿಯ ಮೇಲೆ ಅದೇ ‘ಸಬ್ ಠೀಕ್’ ಬಂದಾಗಿತ್ತು. ಅಲ್ಲೇ ನಿಂತಿತು. ನನ್ನ ಕಡೆ ನೋಡಿದಳು. ನನ್ನ ಬಾಯಿ ತುಂಬ ಮಾತಿತ್ತು. ಆಕೆಯ ಪರವಾಗಿ, ಅಚ್ಚುಕಟ್ಟಾಗಿ, ಒಂದೂ ಅಂಶ ಬಿಡದೆ ಹೇಳಬಲ್ಲವಳಾಗಿದ್ದೆ. ಹೇಳಿದ್ದರೆ ಅದೂ ಇನ್ನೊಬ್ಬ ಮಾವಶಿಯ ಮಾತಾಗುತ್ತಿತ್ತು. ಹಲ್ಲು ಕಚ್ಚಿ ಸುಮ್ಮನೆ ಕೂತೆ. ಗೋಡೆಯ ಮೇಲಿನ ಪಂಖಾ ಈ ಕಡೆ ತಿರುಗಿತು, ಆ ಕಡೆ ತಿರುಗಿತು.

ಆಪಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

“ಕುರ್ಚಿ ಒಂಚೂರ ಸಮೀಪ ತಗೋ ಬೇಟಾ,” ಅಂದಳು ಡಾಕ್ಟರಮ್ಮನಿಗೆ, ತನ್ನ ಹಿಂದಿಯಲ್ಲೇ. “ಇದು ಲಗೂನ ಮುಗಿಯೂ ಮಾತಲ್ಲ.”